ಮೂರು ಸಂಖ್ಯೆಗಳಲ್ಲಿ ಅಡಗಿದ ತಾರಾಲೋಕ

1984-85ರಲ್ಲಿ ಕೇಂದ್ರ ಸರಕಾರದ 'ಕ್ಲಾಸ್' ಯೋಜನೆಯಡಿ ನಮ್ಮ ದೇಶದ ಆಯ್ದ ಶಾಲೆಗಳಿಗೆ ಬಂದ ಗಣಕ, ಬ್ರಿಟನ್ನಿನ ಏಕಾರ್ನ್ ಕಂಪನಿ ರೂಪಿಸಿದ 'ಬಿಬಿಸಿ ಮೈಕ್ರೊ'. ಅದರ ಸ್ಮೃತಿ ಕೇವಲ 32 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯದು. ಇದೇ ಯಂತ್ರಕ್ಕಾಗಿ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್, 'ಎಲೀಟ್' ಎಂಬ ಆಟವನ್ನು ಬರೆದರು. 1984ರ ಸೆಪ್ಟೆಂಬರ್‌ನಲ್ಲಿ ಏಕಾರ್ನ್‌ಸಾಫ್ಟ್ ಅದನ್ನು ಪ್ರಕಟಿಸಿತು. ಆಟಗಾರನು ಗಗನನೌಕೆಯಲ್ಲಿ ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸಿ ವ್ಯಾಪಾರ ಮಾಡಬೇಕು. 8 ಗೆಲಾಕ್ಸಿಗಳು, ಒಂದೊಂದರಲ್ಲಿ 256 ಗ್ರಹಗಳು; ಒಟ್ಟು 2,048. ಪ್ರತಿಯೊಂದಕ್ಕೂ ಹೆಸರು, ಸ್ಥಾನ, ಜನಸಂಖ್ಯೆ, ಆಡಳಿತ ಪದ್ಧತಿ ಬೇರೆ.

ಒಂದು ಗ್ರಹದ ವಿವರಕ್ಕೆ 30 ಬೈಟ್ ಎಂದಿಟ್ಟುಕೊಂಡರೂ ಒಟ್ಟು 61,440 ಬೈಟ್, ಅಂದರೆ 60 ಕಿಲೋಬೈಟ್ ಬೇಕು. ಪರದೆಯ ಚಿತ್ರಕ್ಕೂ ಆಟದ ಕ್ರಮವಿಧಿಗೂ ಆ 32ರಲ್ಲೇ ಜಾಗ ಕೊಡಬೇಕಿತ್ತು! ಹಾಗಾದರೆ ಗ್ರಹಗಳನ್ನು ಎಲ್ಲಿಟ್ಟರು?

ಇಡಲೇ ಇಲ್ಲ, ಬೇಕಾದಾಗ ಲೆಕ್ಕ ಹಾಕಿ ಪಡೆದರು. ತಲಾ 16 ಬಿಟ್‌ಗಳ ಮೂರು ಬೀಜಸಂಖ್ಯೆಗಳಿಂದ ಆರಂಭ. ಮೂರನ್ನೂ ಕೂಡಿಸಿದರೆ ನಾಲ್ಕನೆಯದು. ಮೊತ್ತ 16 ಬಿಟ್ ಮೀರಿದರೆ ಮೀರಿದ ಭಾಗವನ್ನು ಬಿಡುವುದು. ಮೊದಲನೆಯದನ್ನು ಕೈಬಿಟ್ಟು, ಉಳಿದ ಮೂರರಿಂದ ಮತ್ತೆ ಮುಂದಿನದು. ಇದು ಫಿಬೊನಾಚಿ ಸರಣಿಯ ಸೋದರ. ಈ ಸಂಖ್ಯೆಗಳ ಬಿಟ್‌ಗಳೇ ಗ್ರಹದ ಸ್ಥಾನವನ್ನೂ ಹೆಸರಿನ ಅಕ್ಷರಗಳನ್ನೂ ನಿರ್ಧರಿಸುತ್ತವೆ. 48 ಬಿಟ್‌ಗಳಿಂದ ಸುಮಾರು 281 ಲಕ್ಷ ಕೋಟಿ ಗೆಲಾಕ್ಸಿಗಳು ಸಾಧ್ಯ. ಅಷ್ಟನ್ನೂ ತೋರಿಸಿದರೆ ಗುಟ್ಟು ರಟ್ಟಾದೀತೆಂದು ಪ್ರಕಾಶಕರು 8 ಸಾಕೆಂದರು.

ತರಗತಿಯಲ್ಲಿ ಇದನ್ನು ತೋರಿಸಲು ಗಣಕವೇ ಬೇಡ, ಕರಿಹಲಗೆ ಸಾಕು. 1, 2, 3ರಿಂದ ಆರಂಭಿಸಿ. ಮೊತ್ತದ ಬಿಡಿಸ್ಥಾನದ ಅಂಕಿಯನ್ನು ಮಾತ್ರ ಬರೆಯಿರಿ. 6, 1, 0, 7, 8, 5 ಎಂದು ಸಾಲು ಬೆಳೆಯುತ್ತದೆ. ಬೀದರಿನಲ್ಲಿ ಈ ಸಾಲನ್ನಷ್ಟೇ ತೋರಿಸಿ ಕೇಳಿದಾಗ 'ಯಾದೃಚ್ಛಿಕ ಅಂಕಿಗಳು' ಎಂಬ ಉತ್ತರವೇ ನನಗೆ ಹೆಚ್ಚಾಗಿ ಸಿಕ್ಕಿದೆ. ಆದರೆ ಭಾಲ್ಕಿಯಲ್ಲೊಬ್ಬ, ಔರಾದಿನಲ್ಲೊಬ್ಬಳು ಪರಸ್ಪರ ಕೇಳದೆ ಬರೆದರೂ ಬರುವುದು ಇದೇ ಸಾಲು. ಎಲ್ಲ ಆಟಗಾರರಿಗೂ ಒಂದೇ ಆಕಾಶ ಕಂಡದ್ದು ಹೀಗೆ.

ಆರಂಭವನ್ನು 1, 2, 4 ಎಂದು ಬದಲಿಸಿದರೆ 7, 3, 4, 4, 1 ಎಂದು ಸಾಲು ಬೇರೆಯೇ ಆಗುತ್ತದೆ. ಮೂರು ಅಂಕಿಗಳ ಗುಂಪುಗಳು ಇರುವುದೇ 1,000. ಆದ್ದರಿಂದ ಯಾವುದೋ ಗುಂಪು ಮರುಕಳಿಸಲೇಬೇಕು. ಕಳೆಯುತ್ತ ಹಿಂದಕ್ಕೂ ಹೋಗಬಹುದಾದ್ದರಿಂದ ಸಾಲು ತಾನು ಹೊರಟ ಗುಂಪಿಗೇ ಮರಳುತ್ತದೆ. 1, 2, 3 ಮರಳುವುದು 62 ಹೆಜ್ಜೆಗಳ ನಂತರ, 1, 2, 4 ಮರಳುವುದು 124ರ ನಂತರ. ಒಂದು ಅಂಕಿ ಬದಲಾದರೆ ಅವಧಿ ಇಮ್ಮಡಿಯಾಗುವುದೇಕೆ? ಎರಡೂ ಸಾಲುಗಳಲ್ಲಿ ಸಮ-ಬೆಸಗಳು ಬರುವ ಕ್ರಮವನ್ನು ವಿದ್ಯಾರ್ಥಿಗಳು ಗಮನಿಸಿ ನೋಡಲಿ.