ಇರುಳ ಬಾನು, ಮಗುವಿನ ಪ್ರಶ್ನೆ

ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಶ್ರಾವಕರ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನವೇ ಒಲೆ ಆರಿರುತ್ತದೆ. ಇರುಳಿನಲ್ಲಿ ದೀಪಕ್ಕೆ ಮುತ್ತುವ ಸೂಕ್ಷ್ಮ ಜೀವಿಗಳಿಗೆ ನಮ್ಮ ಊಟದಿಂದ ಹಿಂಸೆಯಾಗಬಾರದೆಂಬುದು ಈ ನಿಯಮದ ಆಶಯ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಸಂಜೆ ಏಳರ ಹೊತ್ತಿಗೆ ಮನೆಮಂದಿಗೆಲ್ಲ ಬಿಡುವು ದೊರೆಯುತ್ತದೆ. ಹಿರಿಯರು ಆ ಹೊತ್ತನ್ನು ಸಾಮಾಯಿಕಕ್ಕೂ ಸ್ವಾಧ್ಯಾಯಕ್ಕೂ ಮೀಸಲಿಟ್ಟರು. ಮಕ್ಕಳೊಡನೆ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವುದಕ್ಕೂ ಅದೇ ತಕ್ಕ ಸಮಯ.

ಆಕಾಶದ ಜ್ಯೋತಿಗಳ ವಿಚಾರ ಜೈನರಿಗೆ ಹೊಸತಲ್ಲ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ನಾಲ್ಕನೆಯ ಅಧ್ಯಾಯದಲ್ಲಿ ದೇವರನ್ನು ಭವನವಾಸಿ, ವ್ಯಂತರ, ಜ್ಯೋತಿಷ್ಕ, ವೈಮಾನಿಕ ಎಂದು ನಾಲ್ಕು ನಿಕಾಯಗಳಾಗಿ ವಿಂಗಡಿಸುತ್ತದೆ. ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ಪ್ರಕೀರ್ಣಕ ತಾರೆ ಎಂಬ ಐದು ಭೇದಗಳು ಜ್ಯೋತಿಷ್ಕರವು. ಮನುಷ್ಯಲೋಕದ ವ್ಯವಹಾರಕಾಲದ ವಿಭಾಗ ನಡೆಯುವುದು ಇವುಗಳ ಚಲನೆಯಿಂದಲೇ. ಯತಿವೃಷಭರ ತಿಲೋಯಪಣ್ಣತ್ತಿಯು ಈ ಲೋಕವನ್ನು ವಿಸ್ತಾರವಾಗಿ ಬಣ್ಣಿಸುತ್ತದೆ. ಕನ್ನಡದಲ್ಲಿ ಜ್ಯೋತಿಷವನ್ನು ಕುರಿತು 1049ರಲ್ಲಿ ಜಾತಕತಿಲಕವನ್ನು ರಚಿಸಿದ ಶ್ರೀಧರಾಚಾರ್ಯರೂ ಜೈನರೇ.

ಬಾನನ್ನು ನೋಡುವವನಿಗೆ ಮೊದಲು ಬೇಕಾದುದು ಸಹನೆ. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಾಗುತ್ತದೆ. ನಡುವೆ ಒಮ್ಮೆ ಮೊಬೈಲ್ ಪರದೆಯನ್ನು ನೋಡಿದರೂ ಮತ್ತೆ ಬಹಳ ಹೊತ್ತು ಕಾಯಬೇಕು. ಸಾಮಾಯಿಕದ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಅಷ್ಟು ಹೊತ್ತು ಕದಲದೆ ಕುಳಿತರೆ ಮೊದಲು ಕಾಣದಿದ್ದ ಅನೇಕ ತಾರೆಗಳು ಗೋಚರಿಸುತ್ತವೆ. ಅಷ್ಟರಲ್ಲಿ ಬಾನು ಹನ್ನೆರಡು ಡಿಗ್ರಿಗಳಷ್ಟು ಪಶ್ಚಿಮಕ್ಕೆ ಸರಿದಿರುತ್ತದೆ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಪೂರ್ವದಲ್ಲಿ ಮರದ ತುದಿಯಲ್ಲಿದ್ದ ತಾರೆ ಒಂದು ಮುಷ್ಟಿಗಿಂತ ತುಸು ಹೆಚ್ಚು ಮೇಲೇರಿದ್ದನ್ನು ಮಗುವೇ ಅಳೆದು ನೋಡಬಹುದು. ಕಾಲವು ನಿಲ್ಲದೆ ಸಾಗುತ್ತಿದೆಯೆಂಬ ಅನಿತ್ಯಭಾವನೆಗೆ ಇದಕ್ಕಿಂತ ಸರಳವಾದ ಪಾಠ ಬೇರೆ ಬೇಕಿಲ್ಲ.

ಕಾಲೇಜಿನ ದಿನಗಳಲ್ಲಿದ್ದ ಆಕಾಶವೀಕ್ಷಣೆಯ ಹವ್ಯಾಸವನ್ನು ಇಪ್ಪತ್ತು ವರ್ಷಗಳ ಬಳಿಕ ನಾನು ಮತ್ತೆ ಕೈಗೆತ್ತಿಕೊಂಡದ್ದು ಆರು ವರ್ಷದ ಮಗಳ ಸಲುವಾಗಿ. ಜನವರಿಯ ಸಂಜೆಗಳಲ್ಲಿ ಕೃತ್ತಿಕೆ ನಮ್ಮ ನಾಡಿನಲ್ಲಿ ನೆತ್ತಿಯ ಸಮೀಪ ಬರುತ್ತದೆ. ಅದರ ಪೂರ್ವಕ್ಕೆ ಕೆಂಬಣ್ಣದ ರೋಹಿಣಿ, ಆಚೆಗೆ ಮೃಗಶಿರ. ನನ್ನ ತಾಯಿಗೆ ಇವು ಮಳೆಯ ಹೆಸರುಗಳು. ಆಕೆಯಿಂದಲೇ ನಾನು ಅವನ್ನು ಕಲಿತದ್ದು. ಆಕೆ ತೀರಿಕೊಂಡ ಮೇಲಿನ ಮೊದಲ ಚಳಿಗಾಲದಲ್ಲಿ ರೋಹಿಣಿಯನ್ನು ತೋರಿಸುತ್ತಿದ್ದಾಗ ಮಗಳು, "ಅಪ್ಪಾ, ಅಜ್ಜಿ ಯಾವ ನಕ್ಷತ್ರ ಆಗಿದ್ದಾಳೆ?" ಎಂದು ಕೇಳಿದಳು. ಶಾಲೆಯಲ್ಲಿ ಯಾರೋ ಹಾಗೆ ಹೇಳಿದ್ದರಂತೆ.

ಬೆರಳೆತ್ತಿ ಒಂದು ತಾರೆಯನ್ನು ತೋರಿಸಿಬಿಡುವುದು ಸುಲಭ. ದುಃಖದಲ್ಲಿರುವ ಮಗುವಿಗೆ ಹೇಳುವ ಸಿಹಿಯಾದ ಸುಳ್ಳನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಆದರೆ ನಮ್ಮ ಆಗಮವು ಹೇಳುವುದೇ ಬೇರೆ. ದೇಹವನ್ನು ತೊರೆದ ಜೀವ ಆಕಾಶದಲ್ಲಿ ಕಾಯುತ್ತ ನಿಲ್ಲುವುದಿಲ್ಲ. ಕೆಲವೇ ಸಮಯಗಳಲ್ಲಿ ತನ್ನ ಕರ್ಮಕ್ಕೆ ಅನುಗುಣವಾದ ಹೊಸ ಜನ್ಮಸ್ಥಾನವನ್ನು ಸೇರುತ್ತದೆ. ಒಮ್ಮೆ ಕಣ್ಣೆವೆ ಮಿಟುಕಿಸುವುದರಲ್ಲಿ ಅಸಂಖ್ಯಾತ ಸಮಯಗಳು ಕಳೆಯುತ್ತವೆಯೆಂದರೆ ಆ ಪಯಣದ ವೇಗವನ್ನು ಊಹಿಸಬಹುದು. ಇನ್ನು ಜ್ಯೋತಿಷ್ಕರಾಗಿ ಹುಟ್ಟುವುದೂ ಶ್ರಾವಕನು ಬಯಸುವ ಪದವಿಯಲ್ಲ. ಸಮ್ಯಗ್ದೃಷ್ಟಿ ಜೀವವು ಆ ನಿಕಾಯದಲ್ಲಿ ಜನಿಸುವುದಿಲ್ಲ. ಅಲ್ಲಿನ ಪರಮಾಯುಷ್ಯ ಒಂದು ಪಲ್ಯೋಪಮಕ್ಕಿಂತ ತುಸು ಹೆಚ್ಚು; ಅದು ಮುಗಿದೊಡನೆ ಮತ್ತೆ ಸಂಸಾರವೇ. ಮಿನುಗುವುದೆಲ್ಲ ಶಾಶ್ವತವಲ್ಲ. ಜನನಮರಣಗಳಿಲ್ಲದ ನೆಲೆ ಈ ಜ್ಯೋತಿಗಳಿಂದ ಬಹುದೂರ ಮೇಲೆ, ಲೋಕಾಗ್ರದಲ್ಲಿರುವ ಸಿದ್ಧರದು ಮಾತ್ರ.

ಇಷ್ಟನ್ನೂ ಆರರ ಮಗುವಿಗೆ ಹೇಳಲಾಗದು. ಆದರೆ ಸತ್ಯಾಣುವ್ರತವು ನಿಷ್ಠುರ ನುಡಿಯನ್ನು ಕೇಳುವುದಿಲ್ಲ. ಹಿತವಾಗಿ, ಮಿತವಾಗಿ ಹೇಳಿದರೆ ಸಾಕು. "ಅಜ್ಜಿ ನಕ್ಷತ್ರವಾಗಿಲ್ಲ ಮಗಳೇ. ಅವಳ ಜೀವ ಅಳಿದಿಲ್ಲ, ಬೇರೆ ಕಡೆ ಹುಟ್ಟಿದೆ. ಎಲ್ಲಿ ಎಂದು ನಮಗೆ ಗೊತ್ತಾಗುವುದಿಲ್ಲ," ಎಂದೆ. ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ ರೋಹಿಣಿಯ ಕಥೆ ಹೇಳಿದೆ. ಆ ತಾರೆ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ಈ ರಾತ್ರಿ ನಮ್ಮ ಕಣ್ಣು ಸೇರಿದ ಬೆಳಕು ಅಲ್ಲಿಂದ ಹೊರಟು 65 ವರ್ಷಗಳಾಗಿವೆ. ಇದ್ದಿದ್ದರೆ ತಾಯಿಗೆ ಈಗ 71. "ಈ ಬೆಳಕು ಹೊರಟಾಗ ಅಜ್ಜಿ ನಿನ್ನಷ್ಟೇ ಪುಟ್ಟವಳಾಗಿದ್ದಳು," ಎಂದಾಗ ಮಗು ಬೆರಳು ಮಡಿಚಿ ಎಣಿಸತೊಡಗಿತು. ಸುಳ್ಳಿನ ನೆರವಿಲ್ಲದೆಯೂ ಸಾಂತ್ವನ ಸಾಧ್ಯವಾಯಿತು.

ಮಕ್ಕಳು ಬೆಳೆದಂತೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು ಶಾಲೆ ಕಲಿಸುತ್ತದೆ; ಜಂಬೂದ್ವೀಪದಲ್ಲಿ ಎರಡು ಸೂರ್ಯ, ಎರಡು ಚಂದ್ರರು ಮೇರುವನ್ನು ಪ್ರದಕ್ಷಿಣೆ ಹಾಕುತ್ತಾರೆಂದು ಕರಣಾನುಯೋಗ ಹೇಳುತ್ತದೆ. ಅನೇಕಾಂತದ ಹೆಸರು ಹೇಳಿ ಪ್ರಶ್ನೆಯಿಂದ ನುಣುಚಿಕೊಳ್ಳುವುದು ತರವಲ್ಲ. ಪ್ರತಿಯೊಂದು ಮಾತನ್ನೂ ಅದು ಯಾವ ಅಪೇಕ್ಷೆಯಿಂದ ಹೊರಟಿತೆಂದು ಅರಿಯುವುದೇ ಅನೇಕಾಂತ. ದೂರದರ್ಶಕ ಅಳೆಯುವುದು ಪುದ್ಗಲದ ದೂರವನ್ನೂ ಬೆಳಕನ್ನೂ. ಆ ಲೆಕ್ಕವನ್ನು ವಿಜ್ಞಾನದಿಂದಲೇ ಕಲಿಯಬೇಕು. ಆಗಮದ ಲೋಕವರ್ಣನೆ ಶ್ರಾವಕನನ್ನು ಕರೆದೊಯ್ಯುವುದು ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಹತ್ತನೆಯದಾದ ಲೋಕಾನುಪ್ರೇಕ್ಷೆಗೆ: ಇಷ್ಟು ವಿಶಾಲವಾದ ಲೋಕದಲ್ಲಿ ಅನಾದಿಯಿಂದ ಅಲೆದ ಜೀವಕ್ಕೆ ಈ ಮನುಷ್ಯಜನ್ಮ ದೊರೆತಿರುವಾಗ ಅದನ್ನು ಹೇಗೆ ಬಳಸಬೇಕೆಂಬ ಚಿಂತನೆಗೆ.

ಕೃತ್ತಿಕೆಯತ್ತ ಬರಿಗಣ್ಣಿನಿಂದ ನೋಡಿದವರು ಸಾಮಾನ್ಯವಾಗಿ ಆರು ತಾರೆಗಳನ್ನು ಎಣಿಸುತ್ತಾರೆ. ಬೈನಾಕ್ಯುಲರ್ ಹಿಡಿದರೆ ಹತ್ತಾರು ಕಾಣುತ್ತವೆ. ಮೊದಲು ಕಂಡದ್ದು ಸುಳ್ಳಾಗಿರಲಿಲ್ಲ, ಪೂರ್ಣವಾಗಿರಲಿಲ್ಲ ಅಷ್ಟೆ. ಇಂದ್ರಿಯಗಳ ಮೂಲಕ ಬರುವ ಮತಿಜ್ಞಾನದ ಮಿತಿಯನ್ನೂ, ಅದಕ್ಕಿಂತ ಹೆಚ್ಚಿನ ಅರಿವು ಉಂಟೆಂಬುದನ್ನೂ ಮಗು ಹೀಗೆ ಕಂಡುಕೊಳ್ಳುತ್ತದೆ.

ವಾರಕ್ಕೊಂದು ಸಂಜೆ, ಅಮಾವಾಸ್ಯೆಯ ಆಸುಪಾಸಿನಲ್ಲಾದರೆ ಇನ್ನೂ ಒಳಿತು, ಮನೆಯ ಹೊರಗಿನ ದೀಪಗಳನ್ನು ಆರಿಸಿ ಮಕ್ಕಳೊಡನೆ ಕುಳಿತುಕೊಳ್ಳಿ. ದೀಪಕ್ಕೆ ಬಂದು ಸಾಯುವ ಹುಳುಗಳಿಗೆ ಅಭಯ ದೊರೆಯುತ್ತದೆ, ಬಾನೂ ನಿಚ್ಚಳವಾಗುತ್ತದೆ. ನಮೋಕಾರ ಮಂತ್ರವನ್ನು ಮೆಲ್ಲಗೆ ಪಠಿಸಿ ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾಯಿರಿ. ಮಗು ಕೇಳುವ ಪ್ರಶ್ನೆಗೆ ತಿಳಿದಷ್ಟನ್ನು ಹೇಳಿ, ತಿಳಿಯದ್ದನ್ನು ತಿಳಿಯದೆನ್ನಿ. ದರ್ಶನ ಸಮ್ಯಕ್ಕಾಗುವ ದಾರಿ ಅಷ್ಟು ಪ್ರಾಮಾಣಿಕತೆಯಿಂದಲೇ ತೊಡಗುತ್ತದೆ.