ಪಿಯು ಅಂಕಪಟ್ಟಿ ಬೀರುವಿನಲ್ಲೇ ಇರಲಿ

2025ರ ಏಪ್ರಿಲ್. ದ್ವಿತೀಯ ಪಿಯು ಫಲಿತಾಂಶ ಬಂದು ಎರಡು ದಿನವಾಗಿತ್ತು. ತಿಪಟೂರಿನ ಕಡೆಯ ತೆಂಗಿನ ತೋಟದವರೊಬ್ಬರು, ಹಳೆಯ ಪರಿಚಯ, ಮಗಳನ್ನು ಕರೆದುಕೊಂಡು ಮನೆಗೆ ಬಂದರು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತನಾದವ. ನಿವೃತ್ತ ಮೇಷ್ಟ್ರ ಮನೆ ಎಂದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಒಂದು ಬಗೆಯ ಛತ್ರ.

ಹುಡುಗಿಗೆ ಭೌತಶಾಸ್ತ್ರದಲ್ಲಿ 55, ರಸಾಯನಶಾಸ್ತ್ರದಲ್ಲಿ 61, ಜೀವಶಾಸ್ತ್ರದಲ್ಲಿ 78. ಒಟ್ಟು 194. ಅಪ್ಪನ ಮುಖ ಮೋಡ ಕವಿದ ಹಾಗಿತ್ತು.

“ಮೇಷ್ಟ್ರೇ, ಇಷ್ಟು ಮಾರ್ಕ್ಸ್‌ಗೆ ಡಾಕ್ಟ್ರು ಸೀಟು ಕೊಡಲ್ವಂತೆ. ಪರೀಕ್ಷೆ-2 ಕಟ್ಟಿಸ್ಬಿಟ್ಟಿದೀನಿ. ಮೂರೂ ಸಬ್ಜೆಕ್ಟು ಬರೀಲಿ, ಎಂಬತ್ತೈದು ದಾಟ್ಲಿ.”

“ಯಾರು ಹೇಳಿದ್ದು?”

“ಎಲ್ರೂ ಹೇಳ್ತಾರೆ ಸಾರ್.”

ಈ ‘ಎಲ್ರೂ’ ಎಂಬ ಮಹಾಶಯರನ್ನು ನಾನು ಮೂವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಸಿಕ್ಕರೆ ಕೂರಿಸಿ, ಕಾಫಿ ಕೊಟ್ಟು, ಒಂದೇ ಒಂದು ಮಾತು ಹೇಳಬೇಕೆಂದಿದ್ದೇನೆ: ಎಂಬಿಬಿಎಸ್ ಸೀಟಿನ ರ‍್ಯಾಂಕ್ ಪಟ್ಟಿಯಲ್ಲಿ ಪಿಯು ಅಂಕಕ್ಕೆ ಕಾಲಂ ಇಲ್ಲ. ನೂರಕ್ಕೆ ಇಂತಿಷ್ಟು ಎಂಬ ಪಾಲೂ ಇಲ್ಲ. ಇರುವುದು ಒಂದು ಹೊಸ್ತಿಲು ಮಾತ್ರ. ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಅಂದರೆ 300ಕ್ಕೆ 150. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ ಶೇ. 40, ಅಂದರೆ 120. ಇಂಗ್ಲಿಷ್ ಪಾಸಾಗಿರಬೇಕು. ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ 151 ತಂದವಳೂ 300 ತಂದವಳೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಆಮೇಲಿನ ಲೆಕ್ಕವೆಲ್ಲ ನೀಟ್‌ನ 720 ಅಂಕದ್ದು. ಇಬ್ಬರಿಗೆ ಒಂದೇ ಅಂಕ ಬಂದರೆ? ಆಗಲೂ ನೋಡುವುದು ನೀಟ್‌ನ ಜೀವಶಾಸ್ತ್ರದ ಅಂಕ, ಅದೂ ಸಮವಾದರೆ ರಸಾಯನಶಾಸ್ತ್ರ, ಆಮೇಲೆ ಭೌತಶಾಸ್ತ್ರ. ಪಿಯು ಅಂಕಪಟ್ಟಿಯನ್ನು ಅಲ್ಲಿಯೂ ಯಾರೂ ಕೇಳುವುದಿಲ್ಲ.

ಈ ಹುಡುಗಿ 194 ತಂದು ಹೊಸ್ತಿಲನ್ನು ದಾಟಿ ಎಷ್ಟೋ ಮುಂದೆ ಬಂದಾಗಿತ್ತು. ಅವಳನ್ನು ಹಿಡಿದೆಳೆದು ಮತ್ತೆ ಹೊಸ್ತಿಲಿಗೇ ತಂದು ನಿಲ್ಲಿಸಿದ್ದರು. ತಮಾಷೆ ಎಂದರೆ, ತಮಾಷೆ ಅನ್ನಬಾರದು, ಆ ವರ್ಷ ಪರೀಕ್ಷೆ-2 ನಡೆದದ್ದು ಏಪ್ರಿಲ್ 24ರಿಂದ ಮೇ 8ರವರೆಗೆ. ನೀಟ್ ಮೇ 4ಕ್ಕೆ. ಯಾವ ಅಂಕ ಲೆಕ್ಕಕ್ಕೆ ಬಾರದೋ ಅದಕ್ಕಾಗಿ, ಯಾವ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸುತ್ತದೋ ಅದರ ಕೊನೆಯ ಮೂರು ವಾರವನ್ನು ಬಲಿ ಕೊಡುವ ಏರ್ಪಾಡು. ನಾನು ಹೇಳಿದೆ, ಬೇಡಿಕೊಂಡೆ ಅಂದರೂ ಸರಿ. ಅಪ್ಪ ತಲೆಯಾಡಿಸಿ ಹೋದರು. ಹುಡುಗಿ ಎರಡನ್ನೂ ಬರೆದಳು.

ಈ ನಂಬಿಕೆ ಎಲ್ಲಿಂದ ಬಂತು ಎಂಬುದು ಗೊತ್ತಿಲ್ಲದ್ದೇನಲ್ಲ. ನಮ್ಮ ರಾಜ್ಯದಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. ಎಂಜಿನಿಯರಿಂಗ್ ಸೀಟಿಗೆ ಇವತ್ತಿಗೂ ಪಿಯುವಿನದು ಅರ್ಧ, ಸಿಇಟಿಯದು ಅರ್ಧ. ಪಿಸಿಎಂಬಿ ತೆಗೆದುಕೊಂಡ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಒಬ್ಬ ಅತ್ತ, ಒಬ್ಬ ಇತ್ತ ಹೋಗುವವರು. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗನಿಗೆ ಪಿಯು ಅಂಕ ಕಡಿಮೆಯಾಗಿ ರ‍್ಯಾಂಕ್ ಇಳಿದದ್ದು ನಿಜ. ಆ ನಿಜವನ್ನು ಹಾಗೇ ಎತ್ತಿ ಮೆಡಿಕಲ್‌ಗೆ ಅಂಟಿಸಿದರೆ ಸುಳ್ಳಾಗುತ್ತದೆ. 2017ರಿಂದ ಈಚೆಗೆ ರಾಜ್ಯದ ಸರ್ಕಾರಿ ವೈದ್ಯಕೀಯ ಸೀಟೂ ನೀಟ್‌ನಿಂದಲೇ ಎಂಬುದು ಇನ್ನೂ ನಮ್ಮ ಜಗಲಿಕಟ್ಟೆಗಳನ್ನು ತಲುಪಿಲ್ಲ.

ಜೂನ್‌ನಲ್ಲಿ ನೀಟ್ ಫಲಿತಾಂಶ ಬಂತು. 402. ರ‍್ಯಾಂಕ್ ಎರಡು ಲಕ್ಷದಾಚೆ. ಅಪ್ಪ ಮಗಳು ಮತ್ತೆ ಬಂದರು. ಈ ಸಲದ ಪ್ರಶ್ನೆ ಬೇರೆ: ಇನ್ನೊಂದು ವರ್ಷ ಕೂರಿಸಬೇಕೋ ಬೇಡವೋ. ಅವರ ವಾದ ಮಾತ್ರ ಅದೇ ಹಳೆಯದು. “ಪಿಯುಸೀಲೇ ಅರವತ್ತೈದು ಪರ್ಸೆಂಟು. ಇವಳಿಗೆ ಲಾಂಗ್ ಟರ್ಮ್ ಯಾತಕ್ಕೆ ಸಾರ್? ತೊಂಬತ್ತೈದು ತಂದವರೇ ರಿಪೀಟ್ ಮಾಡಿ ಸೋತಿದಾರೆ.”

ಅವರ ಮಾತಿನ ಕೊನೆಯ ವಾಕ್ಯದಲ್ಲೇ ಉತ್ತರವಿತ್ತು. ತೊಂಬತ್ತೈದು ತಂದವರೂ ನೀಟ್‌ನಲ್ಲಿ ಸೋಲುತ್ತಾರೆ ಎಂದ ಮೇಲೆ ಪಿಯು ಅಂಕವನ್ನು ಅಳತೆಗೋಲಾಗಿ ಹಿಡಿಯುವುದೇಕೆ? ಎರಡೂ ಪರೀಕ್ಷೆಗೆ ಪಠ್ಯ ಒಂದೇ, ಎನ್‌ಸಿಇಆರ್‌ಟಿ ಪುಸ್ತಕವೇ. ಕೇಳುವ ರೀತಿ ಬೇರೆ. ಪಿಯುವಿನಲ್ಲಿ ಚಿತ್ರ ಬರೆದು ಭಾಗ ಗುರುತಿಸು, ಸೂತ್ರ ನಿರೂಪಿಸು, ಐದು ಅಂಕಕ್ಕೆ ಐದು ಪಾಯಿಂಟ್ ಬರೆ. ಅಂದವಾದ ಕೈಬರಹಕ್ಕೂ ಅಲ್ಲಿ ಬೆಲೆಯುಂಟು. ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಳೆ. ಜೀವಶಾಸ್ತ್ರದ್ದೇ ಅರ್ಧ. ನನ್ನ ತರಗತಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ತೊಂಬತ್ತೆಂಟು ತಂದು ನೀಟ್‌ನಲ್ಲಿ ತಡವರಿಸಿದವರಿದ್ದಾರೆ. ಕೋಳಿ ಕೆದರಿದ ಹಾಗೆ ಬರೆದು ಅರವತ್ತು ತಂದು, ಇವತ್ತು ಅದೇ ಅಕ್ಷರದಲ್ಲಿ ಔಷಧಿ ಚೀಟಿ ಬರೆಯುತ್ತಿರುವವರೂ ಇದ್ದಾರೆ.

ಹಾಗಂತ ಸಾಧಾರಣ ಅಂಕ ಏನನ್ನೂ ಹೇಳುವುದಿಲ್ಲ ಎಂದು ನಾನು ಹೇಳಲಾರೆ. ಅದು ಯಾಕೆ ಸಾಧಾರಣವಾಯಿತು ಎಂಬುದನ್ನು ಕೆದಕಬೇಕು. ಭೌತಶಾಸ್ತ್ರದಲ್ಲಿ 55 ಬಂದದ್ದು ಬರವಣಿಗೆಯ ಸೋಮಾರಿತನದಿಂದಲೋ, ಒಂಬತ್ತನೇ ತರಗತಿಯಿಂದಲೇ ಲೆಕ್ಕ ಕೈಹತ್ತದ್ದರಿಂದಲೋ? ಮೊದಲನೆಯದಾದರೆ ನೀಟ್‌ಗೆ ತೊಂದರೆಯಿಲ್ಲ. ಎರಡನೆಯದಾದರೆ ಒಂದು ವರ್ಷ ಬುನಾದಿ ಹಾಕುವುದಕ್ಕೇ ಬೇಕು, ಗೋಡೆ ಏಳುವುದು ಆಮೇಲೆ.

ನಾನು ಹುಡುಗಿಗೆ ನೀಟ್‌ನ ಉತ್ತರ ಹಾಳೆ ತೆಗೆಯಲು ಹೇಳಿದೆ. ಮೊಬೈಲಿನಲ್ಲಿ ಇತ್ತು, ಅಪ್ಪ ಅದನ್ನು ಒಂದು ಸಲವೂ ನೋಡಿರಲಿಲ್ಲ. ಸರಿ 113, ತಪ್ಪು 50, ಬಿಟ್ಟದ್ದು 17. 452ರಲ್ಲಿ 50 ಕಳೆದು 402. ಆ ಐವತ್ತರಲ್ಲಿ 28 ಭೌತಶಾಸ್ತ್ರದ್ದು. ಹೆಚ್ಚಿನವು ಅವಳು ಪೂರ್ತಿ ಓದಿಯೇ ಇರದ ನಾಲ್ಕು ಅಧ್ಯಾಯಗಳಿಂದ. “ಯಾಕವ್ವ ಓದಲಿಲ್ಲ?” ಅಂದೆ. “ಏಪ್ರಿಲ್‌ನಲ್ಲಿ ಓದೋಣ ಅಂತಿದ್ದೆ ಸಾರ್” ಅಂದು ಅಪ್ಪನ ಕಡೆ ನೋಡಲಿಲ್ಲ. ಅಪ್ಪ ಕಿಟಕಿಯಾಚೆ ನೋಡಿದರು.

ನೀಟ್‌ನಲ್ಲಿ ತಪ್ಪೊಂದು ಸರಿಯಾದರೆ ಬರುವುದು ನಾಲ್ಕಲ್ಲ, ಐದು ಅಂಕ. ಕಳೆಯುತ್ತಿದ್ದ ಒಂದೂ ಉಳಿಯುತ್ತದಲ್ಲ. ಇಪ್ಪತ್ತು ತಪ್ಪು ಸರಿಯಾದರೆ ನೂರು ಅಂಕ. ಮತ್ತೆ ಕೂರಬೇಕೋ ಬೇಡವೋ ಎಂಬುದು ತೀರ್ಮಾನವಾಗಬೇಕಾದದ್ದು ಈ ಲೆಕ್ಕದಿಂದ. ತಪ್ಪು ಎಲ್ಲಿ, ಆ ತಪ್ಪಿಗೆ ಮದ್ದು ಇದೆಯೋ, ಹೋದ ವರ್ಷ ಮಾಡದ್ದೇನನ್ನು ಈ ವರ್ಷ ಮಾಡುತ್ತೀಯ? ಮೂರನೆಯ ಪ್ರಶ್ನೆಗೆ “ಇನ್ನೂ ಚೆನ್ನಾಗಿ ಓದ್ತೀನಿ” ಎಂಬುದಷ್ಟೇ ಉತ್ತರವಾದರೆ ಬೇಡ, ಬಿಎಸ್ಸಿ ನರ್ಸಿಂಗಿಗೋ ಕೃಷಿ ಪದವಿಗೋ ಸೇರಿಕೊಳ್ಳಲಿ ಎನ್ನುವವ ನಾನು. ಮೂರು ವರ್ಷ ಅದೇ ಹಾಸ್ಟೆಲ್ಲು, ಅದೇ ನೋಟ್ಸು, ಅದೇ 380 ಅಂಕ ಎಂದು ಸವೆದುಹೋದ ಮಕ್ಕಳನ್ನೂ ನೋಡಿದ್ದೇನೆ.

ಇನ್ನೊಂದು ಎಚ್ಚರಿಕೆ. ಅಂಕಕ್ಕೆ ಅಂಕ ಹೋಲಿಸಬೇಡಿ, ರ‍್ಯಾಂಕಿಗೆ ರ‍್ಯಾಂಕ್ ಹೋಲಿಸಿ. 2024ರಲ್ಲಿ ನೀಟ್‌ನ ಮೊದಲ ಸ್ಥಾನಕ್ಕೆ 720ಕ್ಕೆ 720 ಬಂದಿತ್ತು, ಅದೂ ಒಬ್ಬಿಬ್ಬರಿಗಲ್ಲ. 2025ರಲ್ಲಿ ಭೌತಶಾಸ್ತ್ರ ಹಿಂಡಿ ಹಾಕಿತು; ದೇಶಕ್ಕೇ ಮೊದಲು ಬಂದವನ ಅಂಕ 686. 600 ದಾಟಿದವರು ಇಡೀ ದೇಶದಲ್ಲಿ ಒಂದೂವರೆ ಸಾವಿರದೊಳಗೆ, ಹಿಂದಿನ ವರ್ಷವಾದರೆ ಹತ್ತಾರು ಸಾವಿರ. “ಹೋದ ವರ್ಷ ನಮ್ಮ ಭಾವನ ಮಗನಿಗೆ 600 ಬಂದೂ ಸೀಟಿಲ್ಲ” ಎಂದು 500 ಬಂದ ಹುಡುಗಿಯನ್ನು ಅಳಿಸುವವರಿಗೆ ಇದು ತಿಳಿದಿರಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ಸುತ್ತಿನಲ್ಲೂ ಯಾವ ಕಾಲೇಜಿನಲ್ಲಿ, ಯಾವ ವರ್ಗದಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂದು ಹಾಕುತ್ತದೆ. ನಿಮ್ಮ ವರ್ಗದ ಸಾಲು ನೋಡಿ, ನಿಮ್ಮ ಕೈಗೆಟುಕುವ ಶುಲ್ಕದ ಸೀಟು ನೋಡಿ. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಲಕ್ಷದೊಳಗೆ ಮುಗಿಯುವ ಶುಲ್ಕ ಖಾಸಗಿ ಕೋಟಾದಲ್ಲಿ ಹತ್ತು ಲಕ್ಷದ ಆಸುಪಾಸಿಗೆ ಹೋಗುತ್ತದೆ. ಕೊನೆಯ ರ‍್ಯಾಂಕಿಗೂ ನಿಮ್ಮ ರ‍್ಯಾಂಕಿಗೂ ನಡುವೆ ಇರುವುದು ಹಳ್ಳವೋ ಹೊಳೆಯೋ ಅಲ್ಲೇ ಕಾಣುತ್ತದೆ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ, ಅವಕ್ಕೆ ಇಷ್ಟು ಕಾಗದ ದಂಡ. ಮೂರು ಸಲಕ್ಕಿಂತ ಹೆಚ್ಚು ಬರೆಯುವಂತಿಲ್ಲ ಎನ್ನುತ್ತಾರೆ. ಅಂಥ ಮಿತಿಯಿಲ್ಲ, ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದಾಗಿದೆ. ರಿಪೀಟರ್‌ಗಳ ಅಂಕ ಕಡಿತ ಮಾಡುತ್ತಾರೆ ಎನ್ನುತ್ತಾರೆ, ಸುಳ್ಳು. ತಮಿಳುನಾಡು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿ ನೋಡಿದರೆ, 2020–21ರಲ್ಲಿ ಅಲ್ಲಿ ಸೀಟು ಪಡೆದವರಲ್ಲಿ ಶೇ. 70ಕ್ಕೂ ಹೆಚ್ಚು ಮಂದಿ ಒಮ್ಮೆಯಾದರೂ ಮರಳಿ ಬರೆದವರೇ. ದುಡ್ಡಿದ್ದರೆ ನೀಟ್ ಬೇಡ ಎನ್ನುತ್ತಾರೆ. ಎನ್‌ಆರ್‌ಐ ಸೀಟಿಗೂ ನೀಟ್ ಅರ್ಹತೆ ಬೇಕು, ವಿದೇಶದಲ್ಲಿ ಓದಿ ಬಂದು ಇಲ್ಲಿ ವೈದ್ಯನಾಗಬೇಕಾದರೂ ಬೇಕು. ನೀಟ್ ‘ಕ್ವಾಲಿಫೈ’ ಆದರೆ ಸೀಟು ಸಿಕ್ಕ ಹಾಗೆ ಎಂದು ಪೇಡ ಹಂಚುವವರೂ ಇದ್ದಾರೆ. 2025ರಲ್ಲಿ ಕ್ವಾಲಿಫೈ ಆದವರು 12 ಲಕ್ಷಕ್ಕೂ ಮೇಲೆ, ದೇಶದ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ. ಪೇಡ ಚೆನ್ನಾಗಿತ್ತು, ತಿಂದೆ.

ನನಗೆ ಸಿಟ್ಟು ಬರುವುದು ತಿಳಿಯದ್ದಕ್ಕಲ್ಲ. ಈ ತೋಟದ ಯಜಮಾನರು ದನ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುವವರು. ಕೊಬ್ಬರಿ ಚೀಲದ ಬಾಯಿ ಬಿಚ್ಚಿ, ತಳದವರೆಗೆ ಕೈ ಹಾಕಿ ತೆಗೆದು, ಮೂಸಿ ನೋಡದೆ ಬೆಲೆ ಆಡುವವರಲ್ಲ. ಅಂಥವರು ಮಗಳ ಒಂದು ವರ್ಷವನ್ನು ವಾಟ್ಸ್‌ಆಪ್‌ನಲ್ಲಿ ಬಂದ ನಾಲ್ಕು ಸಾಲಿಗೆ ಮಾರಿಬಿಡುತ್ತಾರೆ. ಪ್ರವೇಶದ ನಿಯಮಗಳ ಪುಸ್ತಿಕೆ ಯಾರ ಮೊಬೈಲಿಗೂ ಪುಕ್ಕಟೆಯಾಗಿ ಸಿಗುತ್ತದೆ. ಓದುವವರಿಲ್ಲ. ಸರ್ಕಲ್ಲಿನಲ್ಲಿ ಕೋಚಿಂಗ್‌ನವರು ಕಟ್ಟಿದ ಫ್ಲೆಕ್ಸನ್ನು ಮಾತ್ರ ಬಸ್ಸು ನಿಂತಾಗಲೆಲ್ಲ ಓದುತ್ತಾರೆ. ಆ ಫ್ಲೆಕ್ಸಿನಲ್ಲಿ ಸೀಟು ಸಿಕ್ಕವರ ಫೋಟೋ ಇರುತ್ತದೆ, ಶುಲ್ಕ ಕಟ್ಟಿದವರ ಒಟ್ಟು ಸಂಖ್ಯೆ ಇರುವುದಿಲ್ಲ. ಯಾಕಿಲ್ಲ ಎಂದು ಕೇಳಿದ ಒಬ್ಬ ತಂದೆಯನ್ನೂ ನಾನು ಕಂಡಿಲ್ಲ.

ಶಾಲೆಯ ಕಾಗದ ಯಾವುದೂ ಲೆಕ್ಕಕ್ಕಿಲ್ಲವೇ ಎಂದರೆ, ಇದೆ. ಅಂಕಪಟ್ಟಿಯಲ್ಲ, ವ್ಯಾಸಂಗ ಪ್ರಮಾಣಪತ್ರ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15 ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಈ ಹುಡುಗಿ ಹತ್ತನೇ ತರಗತಿವರೆಗೆ ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲಿ. ಎರಡೂ ಅವಳಿಗೆ ಸಲ್ಲುವಂಥವು. ಅರ್ಜಿಯಲ್ಲಿ ಎರಡು ಕಡೆಯೂ ‘ಇಲ್ಲ’ ಎಂದು ತುಂಬಿಸಿದ್ದರು. ಕನ್ನಡ ಮೀಡಿಯಂ ಎಂದರೆ ಸೀಟು ಕೊಡುವುದಿಲ್ಲ ಎಂದು ಯಾರೋ ಹೇಳಿದ್ದರಂತೆ.

ಎಲ್ರೂ ಇರಬೇಕು.

ಮತ್ತೆ ಬರೆಯಲು ಕೂರುವವರು ಪಿಯು ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟು, ಈ ವಾರವೇ ಓದಿದ ಶಾಲೆಗಳಿಗೆ ಹೋಗಿ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಳ್ಳಿ. ಮುಖ್ಯೋಪಾಧ್ಯಾಯರ ಸಹಿಯೊಂದೇ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು.