ಊರಿಗೆ ಹೊರಡುವ ಮುನ್ನ ಕ್ಲಚ್ ಮಾತು ಕೇಳಿ

ಗುಜರಾತಿನಲ್ಲಿ ನೌಕರಿ ಮಾಡುವ ನಮ್ಮಂಥವರಿಗೆ ದೀಪಾವಳಿ ಎಂದರೆ ಊರಿನ ದಾರಿ. ರೈಲಿನ ಟಿಕೆಟ್ ಸಿಗದವರು ಕಾರು ಹತ್ತುತ್ತಾರೆ. ಅಹಮದಾಬಾದ್, ವಡೋದರಾ, ಭರೂಚ್, ಸೂರತ್ ದಾಟುವ ರಾಷ್ಟ್ರೀಯ ಹೆದ್ದಾರಿ ೪೮ ಮುಂಬೈ, ಪುಣೆ, ಕೊಲ್ಹಾಪುರ ಹಾದು ನಿಪ್ಪಾಣಿ ಬಳಿ ಕರ್ನಾಟಕ ಸೇರುತ್ತದೆ. ವಡೋದರಾದ ನಮ್ಮ ಮನೆಯಿಂದ ಧಾರವಾಡಕ್ಕೆ ಸುಮಾರು ಸಾವಿರ ಕಿಲೋಮೀಟರ್.

ತೊಂದರೆ ಏನೆಂದರೆ, ನಾವು ಹೊರಡುವ ಹೊತ್ತಿಗೇ ಗುಜರಾತ್ ಬಾಗಿಲು ಹಾಕುತ್ತದೆ. ದೀಪಾವಳಿಯಿಂದ ಲಾಭ ಪಂಚಮಿಯವರೆಗೆ ಅಂಗಡಿ, ಗ್ಯಾರೇಜು, ಬಿಡಿಭಾಗದ ಮಳಿಗೆಗಳು ಬಹುತೇಕ ಬಂದ್. ಅದಕ್ಕೂ ಮುಂಚಿನ ಎರಡು ವಾರ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಕಳೆದ ವರ್ಷ ನಮ್ಮ ಕಾರಿನ ಕ್ಲಚ್ ಸವೆದದ್ದು ಇದೇ ಸಮಯದಲ್ಲಿ. ಅಪ್ಪ ತೀರಿಕೊಂಡ ವರ್ಷವದು. ಹಬ್ಬ ಇರಲಿಲ್ಲ. ಆದರೆ ಊರೆಲ್ಲ ದೀಪ ಹಚ್ಚುವಾಗ ಅವ್ವ ಒಬ್ಬಳೇ ಇರಬಾರದು ಎಂದು ಮನೆಯವರೆಲ್ಲ ಮೊದಲೇ ತೀರ್ಮಾನಿಸಿದ್ದೆವು.

ಸವೆಯುವುದು ಹೇಗೆ?

ಎಂಜಿನ್ನಿನ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ನಡುವೆ ಸಿಕ್ಕಿಕೊಂಡು ತಿರುಗುವ ಬಿಲ್ಲೆಯೇ ಕ್ಲಚ್ ಪ್ಲೇಟ್. ಪೆಡಲ್ ಒತ್ತಿದರೆ ಹಿಡಿತ ಬಿಡುತ್ತದೆ, ಎತ್ತಿದರೆ ಹಿಡಿಯುತ್ತದೆ. ಅರ್ಧ ಒತ್ತಿ ಹಿಡಿದರೆ ಉಜ್ಜುತ್ತಲೇ ಇರುತ್ತದೆ. ಕಾರ್ಖಾನೆಯ ನಿರ್ವಹಣಾ ವಿಭಾಗದ ಕೆಲಸಕ್ಕಾಗಿ ನಾನು ಮೂರೂ ಊರು ಸುತ್ತುತ್ತೇನೆ. ಅಹಮದಾಬಾದಿನ ಎಸ್.ಜಿ. ಹೈವೇ ಸಿಗ್ನಲ್, ಸೂರತ್ ಜವಳಿ ಮಾರುಕಟ್ಟೆಯ ರಿಂಗ್ ರೋಡ್, ಸಾಲು ಸಾಲು ಫ್ಲೈಓವರ್‌ಗಳ ಏರು, ನವರಾತ್ರಿಯ ಒಂಬತ್ತು ರಾತ್ರಿ ಗರ್ಬಾ ಮುಗಿದ ಮೇಲೆ ವಡೋದರಾದ ರಸ್ತೆಗಳು: ಎಲ್ಲವೂ ಹಾಫ್ ಕ್ಲಚ್ಚಿನ ಹಾದಿಗಳೇ.

ಮನೆಯಲ್ಲೇ ಪರೀಕ್ಷೆ

ಸವೆದ ಕ್ಲಚ್ ಮೊದಲು ಎತ್ತರದ ಗೇರಿನಲ್ಲಿ ಸುಳಿವು ಕೊಡುತ್ತದೆ. ಫ್ಲೈಓವರ್ ಏರುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ವೇಗ ಮಾತ್ರ ಏರುವುದಿಲ್ಲ. ಪೆಡಲ್ ಪೂರ್ತಿ ಮೇಲೆ ಬಂದಾಗಷ್ಟೇ ಕಾರು ಕದಲುತ್ತದೆ. ಸುಟ್ಟ ವಾಸನೆ ಬರುತ್ತದೆ.

ಖಾತ್ರಿಗೆ ಒಂದು ಪರೀಕ್ಷೆ ಇದೆ. ಮುಂದೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರ್ ಹಾಕಿ, ತುಸು ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡಿ. ಕ್ಲಚ್ ಸರಿಯಿದ್ದರೆ ಎಂಜಿನ್ ತಕ್ಷಣ ನಿಲ್ಲುತ್ತದೆ. ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಒಮ್ಮೆ ನೋಡಿದರೆ ಸಾಕು. ಪದೇ ಪದೇ ಮಾಡಿದರೆ ಉಳಿದಿರುವುದೂ ಸವೆಯುತ್ತದೆ.

ಆದರೂ ಗೇರ್ ಬಾಕ್ಸ್ ಇಳಿಸಲು ಅವಸರ ಬೇಡ. ಕೇಬಲ್ ಅತಿ ಬಿಗಿಯಾಗಿದ್ದರೂ ಕ್ಲಚ್ ಜಾರುತ್ತದೆ. ಪೆಡಲಿಗೆ ಕೈಪಿಡಿಯಲ್ಲಿ ಹೇಳಿದಷ್ಟು ಸಡಿಲ ಇದೆಯೇ ನೋಡಿ. ಗೇರ್ ಬೀಳದೆ ಕರಕರ ಎಂದರೆ ಅದು ಜಾರುವಿಕೆಯಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಹೈಡ್ರಾಲಿಕ್ ಕ್ಲಚ್ ಆದರೆ ದ್ರವದ ಮಟ್ಟ, ಸೋರಿಕೆ ಪರೀಕ್ಷಿಸಿ. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್ ಮೇಲೆ ಸಂಶಯಪಡಬೇಕು. ನಮ್ಮ ಕೇಬಲ್ ಸಡಿಲಿಸಿ ನೋಡಿದರೂ ಎಂಜಿನ್ ನಿಲ್ಲಲಿಲ್ಲ. ಹನ್ನೊಂದು ವರ್ಷದ ಪ್ಲೇಟಿನ ಕಾಲ ಮುಗಿದಿತ್ತು.

ಅಂಗಳದಲ್ಲಿ ಎರಡು ದಿನ

ನಾವಿರುವುದು ಇಲ್ಲಿಯವರು ‘ಟೆನಮೆಂಟ್’ ಎನ್ನುವ ಮನೆ. ಮುಂದೆ ಗಟ್ಟಿ ಸಿಮೆಂಟಿನ ಅಂಗಳವಿದೆ. ಪಕ್ಕದ ಮನೆಯ ಕಾಕಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕಾರು ನೋಡಿ ‘ಕ್ಲಚ್ ಪ್ಲೇಟ್ ಘಸಾಈ ಗಈ’ ಎಂದರು. ನಾನು ಪಾನಾ ತೆಗೆದುಕೊಂಡು ಕುಳಿತಾಗ ‘ಉತಾವಳ ನಾ ಕರೋ’ ಎಂದರು. ಕಾಕಾ, ಪಾನಾ, ಉತಾವಳಿ, ಮೂರೂ ಧಾರವಾಡದ ಮಾತುಗಳೇ. ಅನುವಾದ ಬೇಕಾಗಲಿಲ್ಲ.

ಶನಿವಾರ ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆವು. ಕಾರನ್ನು ಜಾಕ್‌ನಿಂದ ಎತ್ತಿ, ನಾಲ್ಕು ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಅಲುಗಿಸಿ ನೋಡಿದೆವು. ಬರೀ ಜಾಕ್ ನಂಬಿ ಕಾರಿನಡಿ ತೂರಲೇಬಾರದು. ಗೇರ್ ಆಯಿಲ್ ಇಳಿಸಿ, ಡ್ರೈವ್ ಶಾಫ್ಟ್, ಸ್ಟಾರ್ಟರ್ ಮೋಟಾರ್, ಕ್ಲಚ್ ಕೇಬಲ್, ಗೇರ್ ಕೊಂಡಿಗಳನ್ನು ಬಿಚ್ಚಿದೆವು. ಹನ್ನೊಂದನೇ ತರಗತಿಯ ಮಗಳು ಪ್ರತಿ ಹಂತದ ಫೋಟೊ ತೆಗೆದು, ಬೋಲ್ಟುಗಳನ್ನು ಹೆಸರು ಬರೆದ ಡಬ್ಬಿಗಳಲ್ಲಿ ಹಾಕಿದಳು. ಎಂಜಿನ್ನಿಗೆ ಕೆಳಗಿನಿಂದ ಆಸರೆ ಕೊಟ್ಟು, ಇನ್ನೊಂದು ಜಾಕ್ ಮೇಲೆ ಗೇರ್ ಬಾಕ್ಸ್ ಇಳಿಸಿದೆವು. ಸಣ್ಣ ಕಾರಿನದಾದರೂ ಒಬ್ಬರಿಂದ ಆಗುವ ಭಾರವಲ್ಲ.

ಹಳೆಯ ಪ್ಲೇಟಿನ ರಿವೆಟ್ ತಲೆಗಳು ಲೈನಿಂಗಿನ ಮಟ್ಟಕ್ಕೇ ಬಂದಿದ್ದವು. ಇನ್ನಷ್ಟು ಓಡಿಸಿದ್ದರೆ ಫ್ಲೈವೀಲನ್ನು ಗೀರುತ್ತಿದ್ದವು. ಒಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಫ್ಲೈವೀಲಿನಲ್ಲಿ ಬಿರುಕು, ಸುಟ್ಟ ನೀಲಿ ಕಲೆ ಇವೆಯೇ, ಎಂಜಿನ್ ಸೀಲಿನಿಂದ ಎಣ್ಣೆ ಒಸರಿದೆಯೇ ಎಂದು ನೋಡಿ. ಎಣ್ಣೆ ತಾಗಿದರೆ ಹೊಸ ಪ್ಲೇಟೂ ಜಾರುತ್ತದೆ.

ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದೇ ಲಾಭ. ಒಂದಕ್ಕಾಗಿ ಮತ್ತೆ ಗೇರ್ ಬಾಕ್ಸ್ ಇಳಿಸುವ ಕಷ್ಟ ತಪ್ಪುತ್ತದೆ. ಪ್ಲೇಟಿನ ಮೇಲೆ ಬರೆದಿರುವ ‘ಫ್ಲೈವೀಲ್ ಬದಿ’ಯನ್ನು ಓದಿಯೇ ಕೂರಿಸಿ. ನಡುವಿಗೆ ಅಲೈನ್‌ಮೆಂಟ್ ಟೂಲ್ ತೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸಿ. ಕೊನೆಯ ಬಿಗಿ ಕೈಪಿಡಿ ಹೇಳಿದಷ್ಟು, ಟಾರ್ಕ್ ರೆಂಚಿನಲ್ಲಿ. ಗೇರ್ ಬಾಕ್ಸ್ ಭಾರ ಹೊಸ ಪ್ಲೇಟಿನ ಮೇಲೆ ಜೋತುಬೀಳಬಾರದು. ಕೂರದಿದ್ದರೆ ಬೋಲ್ಟ್ ತಿರುಗಿಸಿ ಎಳೆಯುವ ಬದಲು ಹೊರತೆಗೆದು ಮತ್ತೆ ನೇರ ಮಾಡಿ. ಕಾಕಾ ‘ಉತಾವಳ ನಾ ಕರೋ’ ಎಂದು ಮತ್ತೆ ಹೇಳಿದ್ದು ಇಲ್ಲಿಯೇ. ನಮಗೆ ಮೂರನೇ ಯತ್ನದಲ್ಲಿ ಕೂತಿತು.

ಭಾನುವಾರ ಸಂಜೆ ಹೊಸ ಗೇರ್ ಆಯಿಲ್ ತುಂಬಿ, ಕೇಬಲ್ ಸಡಿಲ ಸರಿಪಡಿಸಿ, ಬೀದಿಯಲ್ಲಿ ಓಡಿಸಿದೆವು. ಮುಂದಿನ ಹದಿನೈದು ದಿನ ಮೆಲ್ಲಗೆ ಓಡಿಸಿ ಪ್ಲೇಟ್ ಹದಗೊಳಿಸಿದೆವು. ಪುಣೆ–ಸಾತಾರಾ ನಡುವಿನ ಖಂಬಾಟ್ಕಿ ಘಾಟಿಯಲ್ಲಿ ಲಾರಿಗಳ ಹಿಂದೆ ಏರುವಾಗ ಎಂಜಿನ್ ಕೂಗಲಿಲ್ಲ. ಅಮಾವಾಸ್ಯೆಯ ಹಿಂದಿನ ರಾತ್ರಿ ಅವ್ವನ ಕೈಯ ಜೋಳದ ರೊಟ್ಟಿ ಉಂಡೆವು.

ಸ್ಟ್ಯಾಂಡ್, ಟಾರ್ಕ್ ರೆಂಚ್, ಬಲ್ಲ ಜೊತೆಗಾರ, ಈ ಮೂರರಲ್ಲಿ ಒಂದಿಲ್ಲದಿದ್ದರೂ ಬದಲಿಸುವ ಕೆಲಸವನ್ನು ಗ್ಯಾರೇಜಿಗೇ ಕೊಡಿ. ಪರೀಕ್ಷೆಯನ್ನು ಮಾತ್ರ ನೀವೇ ಮಾಡಿ. ಅದಕ್ಕೆ ನಮ್ಮ ಪಂಚಾಂಗದಲ್ಲೇ ಒಳ್ಳೆಯ ದಿನವಿದೆ. ಆಯುಧಪೂಜೆಯಂದು ಕಾರು ತೊಳೆದು, ಹೂ ಏರಿಸಿ, ಕುಂಬಳಕಾಯಿ ಒಡೆಯುವ ಮುಂಚೆ ಮೂರನೇ ಗೇರ್ ಹಾಕಿ ನೋಡಿ. ದೀಪಾವಳಿಗೆ ಇನ್ನೂ ಸುಮಾರು ಮೂರು ವಾರ ಇರುತ್ತದೆ, ಗುಜರಾತಿನ ಅಂಗಡಿಗಳೂ ತೆರೆದಿರುತ್ತವೆ.